ಏಳನೇ ನಂಬರಿನ ಅಂಗಿ

ಬ್ಯಾಸ್ಕೆಟ್‌ಬಾಲ್ ಸಂಘದ ಕಾರ್ಯದರ್ಶಿ ಕೇಳಿದ್ದು ಒಂದೇ ಒಂದು ಅಂಗಿ. ಅವನೇನು ಮನೆ ಬರೆದುಕೊಡಿ ಅಂದನೇ, ಕಣ್ಣು ಕಿತ್ತುಕೊಡಿ ಅಂದನೇ? ನಲವತ್ತಾರು ವರ್ಷದ ಹಿಂದಿನ ಒಂದು ಹಳದಿ ಹತ್ತಿಯ ಅಂಗಿ, ಅದರ ಬೆನ್ನಿನ ಮೇಲೆ ಕಪ್ಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಏಳು. ಅಷ್ಟಕ್ಕೇ ನಮ್ಮ ಏಣಿ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟಳು.

"ನಮ್ಮ ಹೊಸ ಹಾಲ್‌ನ ಬಾಗಿಲು ದಾಟಿದ ಕೂಡ್ಲೇ ಗಾಜಿನ ಪೆಟ್ಟಿಗೆ ಮೇಡಂ. ಅದರೊಳಗೆ ನಿಮ್ಮ ಅಂಗಿ. ಮೇಲೆ ಗೋಡೆಗೆ ಹಿತ್ತಾಳೆ ಅಕ್ಷರದಲ್ಲಿ ನಿಮ್ಮ ದಾಖಲೆ, ನಲವತ್ತೊಂದು ಅಂಕ. ಆವತ್ತಿನ ಅಂಗಿಯೇ ಬೇಕು ನಮಗೆ," ಎಂದ ಕಾರ್ಯದರ್ಶಿ.

"ಎಲ್ಲೋ ಕಳೆದುಹೋಗಿರ್ಬೇಕು ಕಣಪ್ಪ."

"ನೀವು ಸಾಮಾನು ಕಳ್ಕೊಳ್ಳೋರಾ? ಹುಡುಗಿಯರು ಒಂದು ಕಾಲ್ಚೀಲ ಮರೆತು ಬಂದ್ರೆ ಇಡೀ ತಂಡನ ಹತ್ತು ಸುತ್ತು ಓಡಿಸ್ತೀರಿ. ಹುಡುಕಿ ಮೇಡಂ. ಭಾನುವಾರ ಬೆಳಿಗ್ಗೆ ಉದ್ಘಾಟನೆ. ಅಷ್ಟರೊಳಗೆ ಸಿಕ್ಕೇ ಸಿಗುತ್ತೆ."

ಹುಡುಕುವ ಮಾತೆಲ್ಲಿ ಬಂತು. ಅಂಗಿ ಯಾವ ಬೀದಿಯಲ್ಲಿ, ಯಾವ ಅಂಗಡಿಯಲ್ಲಿ, ಯಾರ ಹತ್ತಿರ ಇದೆ ಎಂಬುದು ಏಣಿಗೆ ಚೆನ್ನಾಗಿ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಈ ಏಣಿ ಯಾರೆಂದು ಹೇಳಬೇಕಲ್ಲ. ಆರಡಿ ಎತ್ತರದ ಹೆಂಗಸು, ಅದಕ್ಕೇ ಆ ಅಡ್ಡಹೆಸರು, ಈಗ ಅರವತ್ತೈದು ವರ್ಷ, ಮಂಡಿ ಎರಡೂ ಕೈಕೊಟ್ಟಿವೆ. ದೇಶದ ಮೊಟ್ಟಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವಳು, ಎರಡೇ ವರ್ಷದಲ್ಲಿ ಅದರ ನಾಯಕಿಯಾದವಳು. ಹನ್ನೊಂದು ವರ್ಷ ಆಡಿದಳು, ಆಮೇಲೆ ಮೂವತ್ತು ವರ್ಷದ ಮೇಲಾಯಿತು, ಇನ್ನೂ ಹುಡುಗಿಯರನ್ನು ಆಡಿಸುತ್ತಿದ್ದಾಳೆ. ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡುವುದೆಂದರೆ ಬೀದಿಗೆ ಬೀದಿಯೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಓಡಿದವಳು. "ನಾಚಿಕೆ ಆಗಲ್ವೇನೇ ನಿನಗೆ?" ಎಂದು ಅಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದಳು. ದೊಡ್ಡಪ್ಪ ಕೇಳಿದ, ಪಕ್ಕದ ಮನೆಯವರು ಕೇಳಿದರು, ಬಸ್ಸಿನ ಕಂಡಕ್ಟರ್ ಕೂಡ ಒಮ್ಮೆ ಕೇಳಿಬಿಟ್ಟ. ಎಳ್ಳಷ್ಟೂ ಆಗುತ್ತಿರಲಿಲ್ಲ ಅವಳಿಗೆ. ಯಾವುದಕ್ಕೆ ನಾಚಿಕೆ ಆಗಬೇಕಿತ್ತೋ ಅದನ್ನು ಯಾರೂ ಕೇಳಲೇ ಇಲ್ಲ, ನೋಡಿ.

ಆ ನಲವತ್ತೊಂದರ ಕತೆ ಮೊದಲು ತಿಳಿಯಬೇಕು.

ಅವಳ ಕಾಲೇಜಿನ ತಂಡದಲ್ಲಿ ಏಳು ಹುಡುಗಿಯರಿದ್ದರು, ಅಂಗಿ ಇದ್ದದ್ದು ಐದು. ಕೋರ್ಟಿಗೆ ಇಳಿಯುವವರು ಐದೇ ಜನ ತಾನೆ, ಐದು ಸಾಕು ಎಂದು ಪ್ರಿನ್ಸಿಪಾಲರು ಷರಾ ಬರೆದಿದ್ದರು. ಒಬ್ಬಳು ಆಟದಿಂದ ಹೊರಬಂದರೆ ಚಾದರದ ಮರೆಯಲ್ಲಿ ಅಂಗಿ ಕಳಚಿ ಒಳಗೆ ಹೋಗುವವಳಿಗೆ ಕೊಡಬೇಕು. ಬೆವರು ಸಮೇತ. ಆಟಗಾರ್ತಿ ಬದಲಾದರೂ ನಂಬರು ಬದಲಾಗುತ್ತಿರಲಿಲ್ಲ. ಒಳಗೆ ಹೋದವಳು ಯಾರೆಂದು ಅಂಕ ಬರೆಯುವವರಿಗೆ ಹೋಗಿ ಹೇಳಬೇಕಾದದ್ದು ನಿಯಮ.

ಅಂಕ ಬರೆಯುವವರು ಯಾರು ಎಂದರೆ ಗಣಿತದ ಮೇಷ್ಟ್ರು. ಬಹಳ ಸಭ್ಯಸ್ಥ. ಎಷ್ಟು ಸಭ್ಯಸ್ಥ ಎಂದರೆ, ಚಡ್ಡಿ ಹಾಕಿದ ಹೆಣ್ಣುಮಕ್ಕಳನ್ನು ನೋಡಬಾರದೆಂದು ಆಟ ಮುಗಿಯುವ ತನಕ ತಲೆಯನ್ನೇ ಎತ್ತುತ್ತಿರಲಿಲ್ಲ. ಚೆಂಡು ಬುಟ್ಟಿಗೆ ಬಿದ್ದಾಗ ರೆಫರಿ ಬಂದು ಅವರ ಮೇಜಿನ ಮುಂದೆ ಅಂಗಿಯ ನಂಬರನ್ನೂ ಅಂಕವನ್ನೂ ಬೆರಳಲ್ಲಿ ತೋರಿಸಬೇಕು. ಮೇಷ್ಟ್ರು ಬೆರಳು ಮಾತ್ರ ನೋಡಿ, ಎಣಿಸಿ, ಬರೆದುಕೊಳ್ಳುತ್ತಿದ್ದರು. ಅಂಥಾ ಮನುಷ್ಯನನ್ನು ಆ ಮೇಜಿಗೆ ಕೂರಿಸಿದವರಿಗೆ ಏನೆನ್ನಬೇಕು.

ಆ ವರ್ಷದ ಕಾಲೇಜುಗಳ ಪಂದ್ಯಾವಳಿಯ ಫೈನಲ್‌ನ ಮೊದಲರ್ಧದಲ್ಲಿ ಏಣಿ ಇಪ್ಪತ್ತೆರಡು ಅಂಕ ಹೊಡೆದಳು. ನಿಜವಾಗಿ ಹೊಡೆದಳು, ಅದರಲ್ಲಿ ಸುಳ್ಳಿಲ್ಲ. ಅರ್ಧ ಆಟದ ಸೀಟಿ ಊದುವ ಹೊತ್ತಿಗೆ ಬಲಗಾಲಿನ ಹರಡು ತಿರುಚಿ ಬನ್ನಿನ ಹಾಗೆ ಊದಿಕೊಂಡಿತು. ನೆಲಕ್ಕೆ ಕಾಲೂರಲು ಆಗಲಿಲ್ಲ. ಡ್ರಿಲ್ ಮೇಡಂ, ಅಂದರೆ ತಂಡವನ್ನು ಕಟ್ಟಿದವರು, ಬೆಂಚಿನ ಕೊನೆಯಲ್ಲಿ ಕೂತಿದ್ದ ಗುಬ್ಬಿಯ ಕಡೆ ನೋಡಿದರು.

ಗುಬ್ಬಿ ದರ್ಜಿಯ ಮಗಳು. ಏಣಿಯ ಭುಜಕ್ಕೆ ಬರುತ್ತಿದ್ದಳು, ಅಷ್ಟೇ. ಬುಟ್ಟಿಯ ಹತ್ತಿರ ಸುಳಿಯುವುದಕ್ಕೇ ಅವಳಿಗೆ ಆಗುತ್ತಿರಲಿಲ್ಲವಾಗಿ ದೂರದಿಂದ ಎಸೆಯುವುದನ್ನು ಕಲಿತಿದ್ದಳು. ಏಣಿಯ ಅಂಗಿ ಅವಳಿಗೆ ಹಾಕಿದರೆ ಮಂಡಿಯ ತನಕ ಬಂತು, ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಜಾಗ. ಎಲ್ಲರೂ ನಕ್ಕರು. ಗುಬ್ಬಿಯ ಚೀಲದಲ್ಲಿ ಸೂಜಿ ಇತ್ತು, ಕೆಂಪು ದಾರ ಬಿಟ್ಟರೆ ಬೇರೆ ದಾರ ಇರಲಿಲ್ಲ. ತನ್ನ ಪಕ್ಕೆಯನ್ನು ತಾನೇ ಹೊಲಿದುಕೊಳ್ಳಲು ಬರುವುದಿಲ್ಲವಲ್ಲ, ಊದಿದ ಕಾಲನ್ನು ಚಾಚಿಕೊಂಡು ಕೂತ ಏಣಿಯೇ ಎರಡೂ ಪಕ್ಕೆ ಒಳಕ್ಕೆ ಹಿಡಿದು ದೊಡ್ಡ ದೊಡ್ಡ ಹೊಲಿಗೆ ಹಾಕಿ ಅಂಗಿಯನ್ನು ಬಿಗಿ ಮಾಡಿದಳು.

"ಇದೂ ಒಂದು ಹೊಲಿಗೆಯೇನೇ? ನಮ್ಮಪ್ಪ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾನೆ," ಎಂದಳು ಗುಬ್ಬಿ.

"ಸುಮ್ಮನೆ ನಿಂತ್ಕೋ, ಚುಚ್ಚಿಬಿಡ್ತೀನಿ."

ಆ ಗಲಿಬಿಲಿಯಲ್ಲಿ ಮೇಷ್ಟ್ರಿಗೆ ಹೋಗಿ ಹೇಳುವುದನ್ನು ಎಲ್ಲರೂ ಮರೆತರು. ಎರಡನೆಯ ಅರ್ಧದಲ್ಲಿ ಗುಬ್ಬಿ ಹತ್ತೊಂಬತ್ತು ಅಂಕ ಹೊಡೆದಳು. ದೂರ ನಿಂತು, ತುದಿಗಾಲಲ್ಲಿ, ಒಂದರ ಹಿಂದೆ ಒಂದು. ರೆಫರಿ ಬೆರಳು ತೋರಿಸಿದ, ಮೇಷ್ಟ್ರು ತಲೆ ತಗ್ಗಿಸಿಯೇ ಏಳು, ಏಳು, ಏಳು ಎಂದು ಬರೆದರು. ತಂಡ ಗೆದ್ದಿತು. ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಬಂತು: ಏಳನೇ ನಂಬರಿನ ಆಟಗಾರ್ತಿ ಒಬ್ಬಳೇ ನಲವತ್ತೊಂದು ಅಂಕ ಗಳಿಸಿದಳು.

ಆಗ ಅದು ನಗುವ ವಿಷಯವಾಗಿತ್ತು. ಗುಬ್ಬಿಯೇ ಪತ್ರಿಕೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಒಂದು ವಾರಕ್ಕೆ ಕ್ರೀಡಾ ಮಂಡಳಿಯ ಕಾಗದ ಬಂತು. ಹೊಸ ರಾಷ್ಟ್ರೀಯ ತಂಡಕ್ಕೆ ಈ ಊರಿನಿಂದ ಒಬ್ಬಳನ್ನು ತೆಗೆದುಕೊಳ್ಳುತ್ತಾರಂತೆ, ಏಳನೇ ನಂಬರಿನವಳು ಬಂದು ಕಾಣಬೇಕಂತೆ. ನಾನೇ ಪತ್ರ ಬರೆದು ತಪ್ಪು ತಿದ್ದಿಸುತ್ತೇನೆ ಎಂದು ಡ್ರಿಲ್ ಮೇಡಂ ಪೆನ್ನು ಹಿಡಿದವರು ಮನಸ್ಸು ಬದಲಿಸಿದರು. "ನೀನೇ ಹೋಗಿ ಹೇಳು. ನಿನ್ನ ಬಾಯಿಂದ ಬಂದ್ರೆ ನಿನಗೂ ಮರ್ಯಾದೆ, ಅವಳಿಗೂ ಮರ್ಯಾದೆ. ಇಬ್ಬರನ್ನೂ ಆಡಿಸಿ ನೋಡ್ಲಿ," ಎಂದರು.

ಏಣಿಗೆ ಇನ್ನೂ ನಡೆಯಲು ಆಗುತ್ತಿರಲಿಲ್ಲ. ಮಂಡಳಿಯ ಕಚೇರಿಯ ಮೂರು ಮಹಡಿಯನ್ನೂ ಗುಬ್ಬಿಯ ಹೆಗಲ ಮೇಲೆ ಭಾರ ಬಿಟ್ಟು ಹತ್ತಿದಳು. ಗುಬ್ಬಿ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಮೂರು ಜನ ಗಂಡಸರು, ಮೇಜಿನ ಮೇಲೆ ಮೇಷ್ಟ್ರ ಅಂಕಪಟ್ಟಿ. ಅವರಲ್ಲಿ ಒಬ್ಬ ಅವಳ ಕಾಲಿನ ಪಟ್ಟಿ ನೋಡಿ ಕೇಳಿದ: "ಈ ಕಾಲಲ್ಲಿ ಇಡೀ ಆಟ ಆಡಿದ್ಯಾ?"

"ಹೌದು ಸರ್."

"ನಲವತ್ತೊಂದೂ ನಿನ್ನವೇನಾ?"

"ನನ್ನವೇ ಸರ್."

ಅಷ್ಟೇ. ಎರಡು ಮಾತು. ಯಾರೂ ಅವಳ ಕುತ್ತಿಗೆ ಹಿಸುಕಿರಲಿಲ್ಲ. ಹೊರಗೆ ಬಂದಾಗ ಗುಬ್ಬಿ ಬೆಂಚಿನಿಂದ ಎದ್ದು, "ಏನಂದ್ರು ಕಣೇ? ಆವತ್ತಿನ ವಿಷಯ ಕೇಳಿದ್ರಾ?" ಎಂದಳು.

"ಇಲ್ಲ ಕಣೇ. ಅವರು ಅದನ್ನ ಕೇಳ್ಲೇ ಇಲ್ಲ," ಎಂದಳು ಏಣಿ. ಮತ್ತೆ ಅದೇ ಹೆಗಲನ್ನು ಹಿಡಿದುಕೊಂಡು ಮೂರು ಮಹಡಿ ಇಳಿದಳು.

ಕಾಲು ವಾಸಿಯಾದ ಮೇಲೆ ಪರೀಕ್ಷೆಯ ಆಟ ಆಡಿಸಿದರು, ಅವಳು ಚೆನ್ನಾಗಿಯೇ ಆಡಿದಳು, ಆಯ್ಕೆಯಾದಳು. ಗುಬ್ಬಿಯನ್ನು ಯಾರೂ ಕರೆಯಲಿಲ್ಲ. ಡ್ರಿಲ್ ಮೇಡಂ ಆವತ್ತಿನಿಂದ ಅವಳನ್ನು ಏಣಿ ಎಂದು ಕರೆಯುವುದನ್ನು ಬಿಟ್ಟರು. ನಂಬರ್ ಏಳು ಎನ್ನುತ್ತಿದ್ದರು. ಆಮೇಲೆ ಹನ್ನೊಂದು ವರ್ಷ ಯಾವ ದೇಶದಲ್ಲಿ ಎಷ್ಟು ಬೆವರು ಸುರಿಸಿದರೂ ಏಣಿ ಒಂದು ಪಂದ್ಯದಲ್ಲಿ ಇಪ್ಪತ್ತೆಂಟು ದಾಟಲಿಲ್ಲ. ನಲವತ್ತೊಂದು ಮಾತ್ರ ದಾಖಲೆಯ ಪುಸ್ತಕದಲ್ಲಿ ಹಾಗೇ ಕೂತಿತ್ತು. ಅಭಿನಂದನೆ ಮಾಡಿದವರೆಲ್ಲ ಮೊದಲು ಅದನ್ನೇ ಹೇಳುತ್ತಿದ್ದರು. ಮೊದಮೊದಲು ಅವಳು ಮಾತು ಬದಲಿಸುತ್ತಿದ್ದಳು, ಆಮೇಲೆ ಸುಮ್ಮನೆ ತಲೆ ಆಡಿಸುವುದು ಅಭ್ಯಾಸವಾಯಿತು. ಅಭ್ಯಾಸವಾಗಿಬಿಟ್ಟಿತಲ್ಲ ಎಂದು ಒಂಟಿಯಾಗಿ ಕೂತಾಗ ಮೈಯೆಲ್ಲ ಹಿಡಿಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ಸತ್ತಾಗ ಜೊತೆಗೆ ಹೋಗುತ್ತಿತ್ತೇನೋ. ಆದರೆ ಕಳೆದ ತಿಂಗಳು ಅವಳ ಶಿಷ್ಯೆ ಚಿಗರೆ, ಹದಿನೆಂಟು ವರ್ಷದ ಹುಡುಗಿ, ಒಂದೇ ಪಂದ್ಯದಲ್ಲಿ ಮೂವತ್ತೊಂಬತ್ತು ಹೊಡೆದಳು. ಕೊನೆಯ ಎಸೆತ ಬುಟ್ಟಿಯ ಅಂಚಿಗೆ ಬಡಿದು ಆಚೆ ಬಿತ್ತು. ಆಟ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಖಕ್ಕೆ ಟವೆಲ್ ಒತ್ತಿಕೊಂಡು, "ಎರಡೇ ಎರಡು ಮೇಡಂ, ನಿಮ್ಮದನ್ನ ಮುಟ್ಟೋದಕ್ಕೆ ಎರಡೇ ಎರಡು," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಏಣಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. "ದಾಖಲೆ ಅಂದ್ರೆ ಸುಮ್ಮನೇನಾ ಮಗಳೇ. ಕಷ್ಟಪಡಬೇಕು," ಎಂದಳು.

ಅಂಥ ಮಾತು ಆಡಲು ಆ ನಾಲಿಗೆಗೆ ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಿ. ಅವಳೂ ಮನೆಗೆ ಹೋಗಿ ಕನ್ನಡಿಯ ಮುಂದೆ ಅದನ್ನೇ ಕೇಳಿಕೊಂಡಳು.

ಕಾರ್ಯದರ್ಶಿ ಬಂದು ಹೋದ ಮೇಲೆ ಬುಧವಾರ, ಗುರುವಾರ ಎರಡು ದಿನ ಅವಳು ಕಪಾಟು ಹುಡುಕುವ ನಾಟಕ ಮಾಡಿದಳು. ನೋಡುವವರು ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಮಾಡಿದಳು. ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆಯ ಹಿಂದಿನ ಬೀದಿಗೆ ಹೋದಳು. ಆ ಬೀದಿಗೆ ಬಾರದೆ ಸುತ್ತಿ ಬಳಸಿ ಹೋಗುವ ದಾರಿಗಳನ್ನೆಲ್ಲ ಅವಳು ಬಲ್ಲಳು.

ಅಂಗಡಿ ಚಿಕ್ಕದು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಕೋಟುಗಳು. ಗುಬ್ಬಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು.

"ತಲೆ ಬಗ್ಗಿಸ್ಕೊಂಡು ಬಾ. ಬಾಗಿಲು ನಿನ್ನ ಅಳತೆಗೆ ಮಾಡಿಸಿದ್ದಲ್ಲ," ಎಂದಳು. ಇಪ್ಪತ್ತು ವರ್ಷದಿಂದ ಮುಖ ನೋಡದವಳು ಆಡಿದ ಮೊದಲ ಮಾತು ಇದು.

ಏಣಿ ಬಗ್ಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಕಣ್ಣು ಹೇಗಿದೆ, ಮಂಡಿ ಹೇಗಿದೆ, ಮಗಳು ಎಲ್ಲಿದ್ದಾಳೆ ಎಲ್ಲ ಆಯಿತು. ಗುಬ್ಬಿ ಪ್ಯಾಂಟು ಮುಗಿಸಿ ದಾರ ಹಲ್ಲಿನಿಂದ ಕಡಿದಳು.

"ಅಂಗಿಗೆ ತಾನೆ ಬಂದದ್ದು? ನಿಮ್ಮ ಹಾಲ್ ಸುದ್ದಿ ಪೇಪರಿನಲ್ಲಿ ನೋಡ್ದೆ. ಗಾಜಿನ ಪೆಟ್ಟಿಗೆ ಅಂತೆ."

"ಇಟ್ಕೊಂಡಿದ್ದೀಯಾ ಇನ್ನೂ?"

"ಆಟ ಮುಗಿದಾಗ ಅದು ಇದ್ದದ್ದು ನನ್ನ ಮೈಮೇಲೇ ಅಲ್ವಾ. ವಾಪಸ್ ಕೊಡು ಅಂತ ಯಾರೂ ಕೇಳ್ಲಿಲ್ಲ."

ಇಸ್ತ್ರಿ ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆಯಿಂದ ತೆಗೆದಳು. ಹಳದಿ ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಕಪ್ಪು ಏಳು ಮಾತ್ರ ಗಟ್ಟಿಯಾಗಿತ್ತು, ಅದು ಗುಬ್ಬಿ ಹೊಲಿದದ್ದು. ಎರಡೂ ಪಕ್ಕೆಯಲ್ಲಿ ಕೆಂಪು ದಾರದ ಅಡ್ಡಾದಿಡ್ಡಿ ಹೊಲಿಗೆ ಹಾಗೇ ಇತ್ತು, ಅದು ಏಣಿಯದು. ಗುಬ್ಬಿ ಅಂಗಿಯನ್ನು ಮೇಜಿನ ಮೇಲೆ ಹರಡಿ ಕೈಯಿಂದ ಸವರಿ ಸಪಾಟು ಮಾಡಿದಳು.

"ಹೀಗೇ ಇಟ್ರೆ ಎಲ್ಲರಿಗೂ ಗೊತ್ತಾಗುತ್ತೆ. ಇದು ಆರಡಿಯವಳ ಅಂಗಿ ಅಂತ ಯಾರು ನಂಬ್ತಾರೆ? ಹೊಲಿಗೆ ಬಿಚ್ಚಿದ್ರೆ ನಿನ್ನ ಅಳತೆಗೆ ಬರುತ್ತೆ," ಎಂದು ಬಿಚ್ಚುವ ಚಿಕ್ಕ ಚಾಕುವನ್ನು ಅವಳ ಮುಂದಿಟ್ಟಳು. "ನಿನ್ನ ಹೊಲಿಗೆ. ನೀನೇ ಬಿಚ್ಕೋ."

ಅದರಲ್ಲಿ ಕುಹಕ ಇತ್ತೋ, ಬರೀ ದರ್ಜಿಯ ಮಾತೋ, ಏಣಿಗೆ ತಿಳಿಯಲಿಲ್ಲ. ಬೇಡ ಎನ್ನಬೇಕಿತ್ತು. ಎನ್ನುತ್ತಾಳೆ ಎಂದು ನೀವೂ ಕಾದಿರಿ. ಅವಳು ಚಾಕು ತೆಗೆದುಕೊಂಡಳು. ಮೊದಲ ಹೊಲಿಗೆಗೆ ತುದಿ ತೂರಿಸಿದಳು, ಎಳೆದಳು, ದಾರ ಟಕ್ ಎಂದಿತು. ಎರಡನೆಯದು, ಮೂರನೆಯದು. ಕೈ ನಿಲ್ಲಲಿಲ್ಲ. ಗುಬ್ಬಿ ಇನ್ನೊಂದು ಪ್ಯಾಂಟು ತೆಗೆದುಕೊಂಡು ಯಂತ್ರ ತುಳಿಯತೊಡಗಿದಳು. ಎಡ ಪಕ್ಕೆ ಪೂರ್ತಿ ಬಿಚ್ಚಿತು. ಒಳಗೆ ಮಡಿಕೆಯಾಗಿದ್ದ ಬಟ್ಟೆ ಈಗಲೂ ಹೊಸದರಂತೆ ಅಚ್ಚ ಹಳದಿಯಾಗಿತ್ತು.

ಯಂತ್ರ ನಿಂತಿತು.

"ಅವರು ಕೇಳಿದ್ರು ಕಣೇ," ಎಂದಳು ಗುಬ್ಬಿ, ಪ್ಯಾಂಟಿನ ಮೇಲಿನ ಕಣ್ಣು ತೆಗೆಯದೆ. "ಬಾಗಿಲ ಮೇಲಿನ ಗಾಜು ಒಡೆದಿತ್ತು. ಒಳಗಿನ ಮಾತೆಲ್ಲ ಬೆಂಚಿಗೆ ಕೇಳಿಸ್ತಿತ್ತು. ನಲವತ್ತೊಂದೂ ನಿನ್ನವೇನಾ ಅಂದ್ರು. ನನ್ನವೇ ಸರ್ ಅಂದೆ ನೀನು."

ಏಣಿಯ ಕೈ ನಿಂತಿತು. ನಲವತ್ತಾರು ವರ್ಷ ಅವಳು ಒಂದನ್ನು ನಂಬಿಕೊಂಡು ಬದುಕಿದ್ದಳು: ಗುಬ್ಬಿಗೆ ಗೊತ್ತಿಲ್ಲ ಎಂದು. ಗುಬ್ಬಿಯ ಪಾಲಿಗಾದರೂ ಅದು ಮೇಷ್ಟ್ರ ತಪ್ಪು, ರೆಫರಿಯ ತಪ್ಪು, ಹಣೆಬರಹ ಎಂದು.

"ಗೊತ್ತಿದ್ದೂ ಕೆಳಗೆ ಇಳಿಸ್ಕೊಂಡು ಬಂದ್ಯಾ ನನ್ನ?"

"ಮತ್ತೆ? ಮೂರು ಮಹಡಿ ಮೇಲೆ ಕುಂಟಿನ ಬಿಟ್ಟು ಬರೋದಕ್ಕಾಗುತ್ತಾ. ಹೊರಗೆ ಬಂದು ನೀನು ಹೇಳ್ತೀಯ ಅಂತ ಕೇಳ್ದೆ. ಸುಳ್ಳು ಹೇಳ್ಬಿಟ್ಟೆ ಕಣೇ ಅಂತ ನನಗೊಬ್ಬಳಿಗೆ ಹೇಳಿದ್ರೂ ಸಾಕಾಗಿತ್ತು. ಬಿಟ್ಟುಕೊಡ್ತಿದ್ದೆ. ನಮ್ಮಪ್ಪ ಹೇಗಿದ್ರೂ ಪರದೇಶಕ್ಕೆ ಕಳಿಸ್ತಿರ್ಲಿಲ್ಲ." ಗುಬ್ಬಿ ಕನ್ನಡಕ ಸರಿಮಾಡಿಕೊಂಡಳು. "ಯಾಕೆ ನಿಲ್ಲಿಸ್ದೆ? ಇನ್ನೊಂದು ಪಕ್ಕೆ ಇದೆ."

ನೆಲ ಬಾಯಿ ಬಿಡಬಾರದೇ ಎನಿಸಿತು ಏಣಿಗೆ. ಚಾಕು ಮೇಜಿನ ಮೇಲಿಟ್ಟಳು. ಕ್ಷಮಿಸು ಎನ್ನಲು ಬಾಯಿ ತೆರೆದಳು, ಇಷ್ಟು ವರ್ಷದ ಮೇಲೆ ಆ ಮಾತು ಎಷ್ಟು ಅಗ್ಗ ಎನಿಸಿ ಮುಚ್ಚಿಕೊಂಡಳು. "ಭಾನುವಾರ ಬರ್ತೀಯಾ?" ಎಂದಷ್ಟೇ ಕೇಳಿದಳು.

"ಭಾನುವಾರ ಒಬ್ಬರಿಗೆ ಕೋಟು ಕೊಡ್ಬೇಕು," ಎಂದಳು ಗುಬ್ಬಿ. ಅಂಗಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಳು. "ಬಗ್ಗಿ ಹೋಗು."

ಭಾನುವಾರ ಬೆಳಿಗ್ಗೆ ಹಾಲ್ ತುಂಬಿತ್ತು. ಹೊಸ ಮರದ ನೆಲಕ್ಕೆ ಹಚ್ಚಿದ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅಂಗಿ ತೂಗುತ್ತಿತ್ತು, ಒಂದು ಕಡೆ ಅಗಲ, ಒಂದು ಕಡೆ ಬಿಗಿ. ಕಾರ್ಯದರ್ಶಿ ಅದನ್ನು ಸರಿಯಾಗಿ ನೇತುಹಾಕಲು ಮೂರು ಸಲ ಪ್ರಯತ್ನಪಟ್ಟು, ಹಳೇ ಬಟ್ಟೆ ಅಲ್ವಾ ಸೊಟ್ಟ ಆಗಿದೆ ಎಂದು ಕೈಬಿಟ್ಟಿದ್ದ. ಏಣಿ ಎರಡು ಮಾತು ಆಡುವುದು, ಆಮೇಲೆ ಚಿಗರೆ ಬಂದು ಅವಳ ಕೈಗೆ ಚೆಂಡು ಕೊಡುವುದು, ಹೊಸ ಕೋರ್ಟಿನ ಮೊದಲ ಎಸೆತ ಏಣಿ ಎಸೆಯುವುದು ಎಂದು ನಿಗದಿಯಾಗಿತ್ತು.

ಅವಳು ಮೈಕಿನ ಮುಂದೆ ನಿಂತಳು. ಬರೆದುಕೊಂಡು ಬಂದ ಚೀಟಿಯನ್ನು ಮಡಿಸಿ ಕೈಚೀಲಕ್ಕೆ ಹಾಕಿದಳು.

"ಆ ಗೋಡೆ ಮೇಲಿನ ಅಂಕ ನನ್ನದಲ್ಲ," ಎಂದಳು. "ನನ್ನವು ಇಪ್ಪತ್ತೆರಡು. ಅರ್ಧ ಆಟಕ್ಕೇ ನನ್ನ ಕಾಲು ಉಳುಕಿತ್ತು. ಉಳಿದ ಹತ್ತೊಂಬತ್ತು ನನ್ನ ಗೆಳತಿಯವು, ಅದೇ ಅಂಗಿ ಹಾಕ್ಕೊಂಡು ಅವಳು ಹೊಡೆದದ್ದು. ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದಾಳೆ."

ಕಾರ್ಯದರ್ಶಿ ತಟ್ಟನೆ ಎದ್ದು, "ನೋಡಿ, ಎಂಥ ವಿನಯ ನಮ್ಮ ಮೇಡಂದು. ಜೊತೆಗಾರರನ್ನ ಇವತ್ತಿಗೂ ಮರೆತಿಲ್ಲ," ಎಂದ. ಜನ ಚಪ್ಪಾಳೆ ತಟ್ಟಿದರು. ಹಾಳಾದ ಚಪ್ಪಾಳೆ, ಸತ್ಯ ಹೇಳಿದರೂ ಬರುತ್ತದೆ.

"ತಟ್ಟಬೇಡಿ," ಎಂದಳು ಏಣಿ. ಮೈಕು ಕೀಚಲು ಸದ್ದು ಮಾಡಿತು. "ಇದು ವಿನಯ ಅಲ್ಲ. ಆಯ್ಕೆ ಮಾಡೋರು ಬಾಯಿಬಿಟ್ಟು ಕೇಳಿದ್ರು. ನನ್ನವೇ ಅಂದೆ. ಗೊತ್ತಿದ್ದೇ ಸುಳ್ಳು ಹೇಳಿ ಆ ತಂಡಕ್ಕೆ ಹೋದೆ. ಅವಳನ್ನ ಆಡಿಸಿ ನೋಡೋದಕ್ಕೂ ಬಿಡಲಿಲ್ಲ. ದಾಖಲೆ ಚಿಗರೆದು, ಮೂವತ್ತೊಂಬತ್ತು. ಗೋಡೆ ಮೇಲೆ ಅದನ್ನ ಹಾಕಿ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಕೇಳಿಸಿ ನಿಂತುಹೋಯಿತು. ಮುಂದಿನ ಸಾಲಿನವರು ಪರಸ್ಪರ ಮುಖ ನೋಡಿಕೊಂಡರು. ಕಾರ್ಯದರ್ಶಿ ಎದ್ದವನು ಕೂರಬೇಕೋ ನಿಲ್ಲಬೇಕೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡ. ಏಣಿ ಮುಖ ತಗ್ಗಿಸಿ ಮೆಟ್ಟಿಲು ಇಳಿದಳು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಎಲ್ಲಿಯ ಹಗುರ. ಕಿವಿಯ ತನಕ ಸುಡುತ್ತಿತ್ತು.

ಕೋರ್ಟಿನ ನಡುವೆ ಚಿಗರೆ ಚೆಂಡು ಹಿಡಿದು ನಿಂತಿದ್ದಳು. ಕಾರ್ಯಕ್ರಮದ ಪ್ರಕಾರ ಬಂದು ನಿಂತವಳು, ಯಾರೂ ಅವಳನ್ನು ವಾಪಸ್ ಕರೆದಿರಲಿಲ್ಲ. ಏಣಿ ಹತ್ತಿರ ಬಂದಳು. ಹುಡುಗಿ ಸಂತೋಷಪಟ್ಟಾಳು ಎಂಬ ಆಸೆ ಒಳಗೆಲ್ಲೋ ಇತ್ತು, ಇಲ್ಲ ಎನ್ನುವಂತಿಲ್ಲ.

"ಮೇಡಂ," ಎಂದಳು ಚಿಗರೆ, ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ. "ಆವತ್ತು ನಾನು ಅಳ್ತಾ ಕೂತಿದ್ದಾಗ ಬೆನ್ನು ಸವರಿದ್ರಲ್ಲ. ಕಷ್ಟಪಡಬೇಕು ಅಂದ್ರಲ್ಲ. ಆಗ್ಲೂ ನಿಮಗೆ ಇದು ಗೊತ್ತಿತ್ತಾ?"

ಏಣಿ ಅವಳ ಮುಖ ನೋಡಿದಳು. ಈ ಪ್ರಶ್ನೆಗೆ ಬೇರೆ ಉತ್ತರ ಇರಲಿಲ್ಲ.

"ಗೊತ್ತಿತ್ತು."

ಏಣಿ ಕೈ ಚಾಚಿಯೇ ಇದ್ದಳು. ಚಿಗರೆ ಚೆಂಡು ಕೊಡಲಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ತನ್ನ ತಂಡದವರು ಕೂತಿದ್ದ ಬೆಂಚಿನ ಕಡೆಗೆ ನಡೆದು ಹೋದಳು.